ಹಲಸಿನ ಕವಲಿನ ಮದ್ದು

ನಮ್ಮತ್ತೆ ಮಲ್ಲಿಗಮ್ಮನಿಗೆ ಮಾತು ಕಡಿಮೆ ಅಂತ ಊರವರು ಹೇಳುತ್ತಾರೆ. ಹಾಗೆ ಹೇಳುವವರು ಅವರ ಕೈಯಲ್ಲಿ ಬೈಸಿಕೊಂಡಿಲ್ಲ. ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ನಮ್ಮಪ್ಪನ ಮನೆಯ ಮೂರು ತಲೆಮಾರನ್ನು ಎಳೆದು ತಂದು ಪಡಸಾಲೆಯಲ್ಲಿ ಕೂರಿಸಬಲ್ಲ ಹೆಂಗಸು ಅದು. ಬಾಯಿ ಮುಚ್ಚುತ್ತಿದ್ದದ್ದು ಒಂದೇ ವಿಷಯಕ್ಕೆ. ಅದು ಮದ್ದಿನ ವಿಷಯ.

ಮಲ್ಲಿಪಟ್ಟಣದಿಂದ ನಾಲ್ಕು ಕಿಲೋಮೀಟರ್ ಒಳಗಿರುವ ನಮ್ಮೂರಲ್ಲಿ, ಹಾಲು ಕುಡಿಯುವ ಕೂಸಿಗೆ ಬಾಯಿ ಹುಣ್ಣಾದರೆ ಜನ ಮೊದಲು ಹುಡುಕುವುದು ನಮ್ಮತ್ತೆಯನ್ನು. ಅರಕಲಗೂಡಿನಿಂದಲೂ ಬರುತ್ತಾರೆ, ಒಮ್ಮೆ ಚನ್ನರಾಯಪಟ್ಟಣದಿಂದ ಕಾರು ಮಾಡಿಕೊಂಡು ಬಂದಿದ್ದರು. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಸಾಣೆಕಲ್ಲಿನ ಮೇಲೆ ಏನನ್ನೋ ಹಾಲಲ್ಲಿ ತೇಯ್ದು, ಕಂದು ಬಣ್ಣದ ಆ ಗಂಧವನ್ನು ಬೆರಳಲ್ಲಿ ತಂದು ಕೂಸಿನ ನಾಲಿಗೆಗೆ ಸವರುತ್ತಿದ್ದರು. ಐದು ದಿನ ಬಿಡದೆ ಬರಬೇಕು. ಬಂದವರು ಏನು ಕೊಟ್ಟರೂ ಅವರು ಮುಟ್ಟುತ್ತಿರಲಿಲ್ಲ, ಒಂದು ವೀಳ್ಯದೆಲೆಯನ್ನೂ. ಅದೇನು ಮದ್ದು, ಎಲ್ಲಿಂದ ತರುತ್ತೀರಿ ಅಂತ ಕೇಳಿದವರಿಗೆ ಉತ್ತರ ಸಿಕ್ಕುತ್ತಿರಲಿಲ್ಲ.

ಹೊಳೆನರಸೀಪುರದ ಕಡೆಯಿಂದ ಹದಿನಾರನೇ ವಯಸ್ಸಿಗೆ ಈ ಮನೆಗೆ ಸೊಸೆಯಾಗಿ ಬಂದವರು. ಮೂವತ್ತೆರಡಕ್ಕೆ ಗಂಡ ಹೋದ. ಮಗ, ಅಂದರೆ ನನ್ನ ಗಂಡ ದಿಲೀಪ್, ಆಗ ಎರಡನೇ ಕ್ಲಾಸು. ಎರಡು ಎಕರೆ ರಾಗಿ ಹೊಲ, ಎರಡು ಎಮ್ಮೆ, ಹಿತ್ತಲಲ್ಲಿ ಒಂದು ದೊಡ್ಡ ಹಲಸಿನ ಮರ. ಗಂಡ ಸತ್ತ ವರ್ಷವೇ ಅವರ ಅತ್ತೆಯೂ ಹಾಸಿಗೆ ಹಿಡಿದು, ಕೊನೆಗೆ ಸೊಸೆಯ ಕಿವಿಯಲ್ಲಿ ಮದ್ದನ್ನು ಹೇಳಿ ಕಣ್ಣು ಮುಚ್ಚಿದರಂತೆ. ಜೊತೆಗೆ ಒಂದು ಕಟ್ಟು, ಆಣೆಯ ಹಾಗೆ. ಸಾಯುವ ಮೊದಲು ಒಬ್ಬರಿಗೆ ಮಾತ್ರ ಹೇಳಬೇಕು. ಅದಕ್ಕೆ ಮುಂಚೆ ಯಾರಿಗೆ ಹೇಳಿದರೂ ಮದ್ದಿನ ಗುಣ ಹೋಗುತ್ತದೆ, ಹೇಳುವಾಗ ಯಾವ ಕೂಸು ಮದ್ದು ತೆಗೆದುಕೊಳ್ಳುತ್ತಿದೆಯೋ ಅದಕ್ಕೆ ತಿರುಗಿ ಹೊಡೆಯುತ್ತದೆ. ಗಂಡನಿಲ್ಲದ ಹೆಂಗಸಿಗೆ ಊರಲ್ಲಿ ಯಾವ ಬೆಲೆ ಸಿಗುತ್ತದೆ ಅಂತ ನನಗೆ ಗೊತ್ತು. ನಮ್ಮತ್ತೆಗೆ ಸಿಕ್ಕ ಮರ್ಯಾದೆಯೆಲ್ಲ ಆ ಸಾಣೆಕಲ್ಲಿನಿಂದ ಬಂದದ್ದು. ಮದುವೆ ಮನೆಗಳಲ್ಲಿ ವಿಧವೆಯರನ್ನು ಹಿಂದೆ ಕೂರಿಸುವ ಕಾಲದಲ್ಲೂ ಇವರನ್ನು ಮುಂದೆ ಕರೆದು ಕೂರಿಸುತ್ತಿದ್ದರು. ಯಾರ ಮನೆಯ ಕೂಸಿಗೆ ಯಾವಾಗ ಹುಣ್ಣಾಗುತ್ತದೋ ಯಾರು ಕಂಡರು.

ಇಂಥ ಮನೆಗೆ ನಾನು ಸೊಸೆಯಾಗಿ ಬಂದು ಅಂಗನವಾಡಿ ಕಾರ್ಯಕರ್ತೆ ಆದೆ. ಎಣ್ಣೆ ಸೀಗೆಕಾಯಿ ಸಂಬಂಧ. ನಾನು ಬೆಳಿಗ್ಗೆ ತಾಯಂದಿರನ್ನು ಕೂರಿಸಿ, ‘ಕೂಸಿನ ಬಾಯಿಗೆ ಕಂಡದ್ದೆಲ್ಲ ಸವರಬೇಡಿ, ಆಸ್ಪತ್ರೆಗೆ ಹೋಗಿ’ ಅಂತ ಭಾಷಣ ಮಾಡುವುದು. ಅದೇ ತಾಯಂದಿರು ಸಂಜೆ ಸೆರಗಿನಲ್ಲಿ ಕೂಸು ಮುಚ್ಚಿಕೊಂಡು ನಮ್ಮ ಮನೆ ಹಿಂಬಾಗಿಲಿಗೆ ಬರುವುದು. ಊರಿಗೆಲ್ಲ ಇದೊಂದು ತಮಾಷೆ. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಹಿತ್ತಲಿನ ಹಲಸಿನ ಮರಕ್ಕೂ ನನ್ನ ಅಂಗನವಾಡಿಗೂ ನಡುವೆ ಇರುವುದು ಒಂದು ಕಳ್ಳಿ ಬೇಲಿ ಅಷ್ಟೆ. ಆಳೆತ್ತರದ ಎರಡರಷ್ಟು ಮೇಲೆ ಮರ ಎರಡು ಕವಲಾಗುತ್ತದೆ. ಒಂದು ಕವಲು ರಸ್ತೆ ಕಡೆಗೆ ನೆಟ್ಟಗೆ ಏರುತ್ತದೆ, ಇನ್ನೊಂದು ಅಡ್ಡಡ್ಡ ಬಂದು ಅಂಗನವಾಡಿಯ ಹೆಂಚಿನ ಮೇಲೆ ಚಾಚಿತ್ತು. ಹೋದ ವರ್ಷದ ಗಾಳಿಯಲ್ಲಿ ಆ ಕೊಂಬೆ ಹೆಂಚನ್ನು ಸವರಿ ಸವರಿ ಆರು ಹೆಂಚು ಒಡೆಯಿತು. ಕೆಳಗೆ ಇಪ್ಪತ್ತೆರಡು ಮಕ್ಕಳು ಮಲಗುವ ಜಾಗ. ಮಳೆಗಾಲಕ್ಕೆ ಮೊದಲು ಆ ಕೊಂಬೆ ತೆಗೆಸಲೇಬೇಕು ಅಂತ ನಾನು ಪಂಚಾಯಿತಿಗೆ ಅರ್ಜಿ ಕೊಟ್ಟೆ, ಮನೆಯಲ್ಲಿ ಜಗಳ ಆಡಿದೆ.

ಅತ್ತೆ ಮೂರು ತಿಂಗಳು ಒಪ್ಪಲಿಲ್ಲ. ‘ಮರದ ಮೈ ಮುಟ್ಟುಸ್ಬೇಡ, ನೋಡು, ನಾನ್ ಎಂಥೋಳು ಅಂತ ತೋರುಸ್ಬೇಕಾಯ್ತದೆ’ ಅಂದರು. ಕೊನೆಗೆ ದಿಲೀಪ್ ಕೈಮುಗಿದ ಮೇಲೆ ಒಪ್ಪಿದರು, ಅದೂ ಷರತ್ತು ಹಾಕಿ. ಕವಲಿನಿಂದ ಎರಡು ಮಾರು ಬಿಟ್ಟು ಆಚೆಗೆ ಕುಯ್ಯಬೇಕು, ಕವಲಿಗೆ ಒಂದು ಏಟೂ ಬೀಳಬಾರದು. ಯಾಕೆ ಅಂತ ದಿಲೀಪ್ ಕೇಳಿದ. ‘ಅದೆಲ್ಲ ನಿಂಗ್ಯಾಕೆ’ ಅಂದರು.

ಯಾಕೆ ಅಂತ ನನಗೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ನನ್ನ ಮಗಳಿಗೇ ಬಾಯಿ ಹುಣ್ಣಾಗಿ ಹಾಲು ಬಿಟ್ಟಿದ್ದಳು. ಅತ್ತೆ ಮದ್ದು ಹಾಕಿದರು, ನಾನು ಅಳುತ್ತಾ ಹಾಕಿಸಿದೆ. ಒಂದು ಬೆಳಗಿನ ಜಾವ ಎದ್ದು, ಅದೇನು ನನ್ನ ಕೂಸಿಗೆ ಕೊಡುತ್ತಾರೋ ನೋಡಿಯೇಬಿಡೋಣ ಅಂತ ಹಿತ್ತಲ ಹುಲ್ಲಿನ ಮೆದೆಯ ಹಿಂದೆ ನಿಂತೆ. ಅತ್ತೆ ತುದಿಗೆ ಕುಡುಗೋಲು ಕಟ್ಟಿದ ಬಿದಿರು ದೋಟಿ ಹಿಡಿದು ಬಂದರು. ನೋಡಿದವರಿಗೆ ಹಲಸಿನಕಾಯಿ ಕೀಳಲು ಬಂದ ಹಾಗೆ ಕಾಣಬೇಕು. ದೋಟಿಯನ್ನು ಕವಲಿನ ಸಂದಿಗೆ ಚಾಚಿ ಮೀಟಿದರು. ಅರ್ಧ ರೊಟ್ಟಿಯಷ್ಟು ಅಗಲದ, ಕರಿಗಂದು ಬಣ್ಣದ ಗಟ್ಟಿ ಅಣಬೆಯೊಂದು ಕೆಳಗೆ ಬಿತ್ತು. ಅದನ್ನು ಸೆರಗಿಗೆ ಕಟ್ಟಿಕೊಂಡು, ಒಂದು ಉಂಡೆ ಸಗಣಿ ತೆಗೆದು ಗುರಿಯಿಟ್ಟು ಕವಲಿಗೆ ಎಸೆದರು. ಮರದ ಗಾಯಕ್ಕೆ ಅದು ಪಟ್ಟಿ. ಎರಡನೇ ಏಟಿಗೆ ಸರಿಯಾಗಿ ಅಂಟಿತು. ನನಗೆ ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡಿದ್ದೆ. ಆಮೇಲೆ ಆ ವಿಷಯ ಯಾರಿಗೂ, ಗಂಡನಿಗೂ ಹೇಳಲಿಲ್ಲ.

ಈ ವರ್ಷ ಮೇ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅರಕಲಗೂಡಿನಿಂದ ಮರ ಕುಯ್ಯುವ ರಾಮಣ್ಣ ಬಂದ. ಜೊತೆಗೆ ಅವನ ಭಾಮೈದ ಶಶಿಕಿರಣ್. ರಾಮಣ್ಣನಿಗೆ ನಲವತ್ತೈದಿರಬಹುದು, ಮೈಯಲ್ಲಿ ಎಳ್ಳಷ್ಟು ಬೊಜ್ಜಿಲ್ಲ. ಅಂಗನವಾಡಿಗೆ ರಜೆ ಇತ್ತು, ಒಳಗೆ ಯಾರೂ ಇರಲಿಲ್ಲ. ಬೇಲಿಯ ಪಕ್ಕ ನೋಡಲು ಹತ್ತು ಹದಿನೈದು ಜನ ಸೇರಿದ್ದರು. ಅವರಲ್ಲಿ ಎದುರು ಮನೆಯ ಸುಬ್ಬಮ್ಮನೂ ಇದ್ದಳು, ಸೊಂಟದಲ್ಲಿ ಏಳು ತಿಂಗಳ ಮೊಮ್ಮಗ. ಕೂಸಿನ ಬಾಯಿ ತುಂಬ ಹುಣ್ಣು. ಅತ್ತೆ ಮೂರು ದಿನ ಮದ್ದು ಹಾಕಿದ್ದರು, ಇನ್ನು ಎರಡು ದಿನ ಬಾಕಿ. ಆ ವಾರವಷ್ಟೇ ನಾನು ಸುಬ್ಬಮ್ಮನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಿದ್ದೆ. ಅವಳು ನನ್ನನ್ನು ನೋಡಿ ಮುಖ ಆ ಕಡೆ ಮಾಡಿದಳು.

ರಾಮಣ್ಣ ಮರದ ಸುತ್ತ ನಿಧಾನಕ್ಕೆ ಎರಡು ಸುತ್ತು ಬಂದ. ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಅಲ್ಲಲ್ಲಿ ತಟ್ಟಿ ಕಿವಿ ಕೊಟ್ಟ. ಗಟ್ಟಿ ಸದ್ದು. ಮರದ ತುಂಬ ಹಲಸಿನಕಾಯಿ ಜೋತು ಬಿದ್ದಿತ್ತು, ಎಲೆ ಕಪ್ಪಗೆ ಹಸಿರು. ಅವನು ಊದುಬತ್ತಿ ಹಚ್ಚಿ ಬುಡಕ್ಕೆ ಸಿಕ್ಕಿಸಿ, ಕೈಮುಗಿದು, ನಮ್ಮ ಕಡೆ ತಿರುಗಿದ.

‘ಯಾವತ್ತಾದ್ರೂ ಈ ಮರ್ದಾಗೆ ಅಣಬೆ ಎದ್ದಿದ್ದು ಕಂಡಿದ್ದೀರಾ? ಗಟ್ಟಿ ಅಣಬೆ, ರೊಟ್ಟಿ ಮುರ್ದು ಅಂಟ್ಸಿದಂಗೆ ಇರ್ತದಲ್ಲ, ಅದು?’

‘ಅಣಬೆ ಕಂಡ್ರೆ ಏನಪ್ಪಾ?’ ಅಂತ ಯಾರೋ ಕೇಳಿದರು.

‘ಅಣಬೆ ಎಲ್ಲಿ ಬಂದಿರ್ತದೋ ಅದ್ರ ಇಂದೆ ಮರ ಕುಂಬಾಗಿ ಕೊಳ್ತೋಗಿರ್ತದೆ ಸಾ. ವರ್ಷಾನ್ಗಟ್ಲೆ ಒಳಗೊಳಗೇ ತಿಂತಾ ಇರ್ತದೆ. ಆಚೆಗೆ ಒಂದ್ಚೂರೂ ಗೊತ್ತಾಗಕಿಲ್ಲ. ಎಲೆ ಇಂಗೇ ಅಸ್ರಾಗಿರ್ತದೆ, ಕಾಯಿ ಬುಡ್ತಾನೇ ಇರ್ತದೆ. ನಾವು ಹಗ್ಗ ಕಟ್ಟಿ ಭಾರ ಬುಟ್ಟಾಗ್ಲೇ ಗೊತ್ತಾಗೋದು.’ ಅವನು ಸೊಂಟದ ಪಟ್ಟಿ ಬಿಗಿದುಕೊಳ್ಳುತ್ತಾ ಹೇಳಿದ. ‘ನಮ್ಮಣ್ಣ ಸಾಲಗಾಮೆ ತಾವ ಒಂದ್ ಮಾವಿನ ಮರ ಹತ್ತಿದ್ದ. ಆ ಮನೆಯೋರು ಅಣಬೆ ಕಿತ್ತಾಕಿ, ಚೆಂದ ಕಾಣ್ಲಿ ಅಂತ ಸುಣ್ಣ ಬಳ್ದುಬುಟ್ಟಿದ್ರು. ಕೊಂಬೆ ಸಮೇತ ಬಿದ್ದ, ಸೊಂಟ ಮುರೀತು. ಏಳು ವರ್ಷ ಆಯ್ತು, ಇನ್ನೂ ಮಂಚದ್ ಮ್ಯಾಲೇ ಅವ್ನೆ. ಅದ್ಕೇ ಕೇಳ್ದೆ.’

‘ಇಲ್ಲ ಇಲ್ಲ, ಈ ಮರ್ದಾಗೆ ಅಂಥದ್ದು ಕಂಡಿಲ್ಲ’ ಅಂತ ನಾಲ್ಕಾರು ಜನ ಒಟ್ಟಿಗೆ ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಅವರು ಕಾಣುವ ಮೊದಲೇ ಅದು ಪ್ರತಿ ವರ್ಷ ಸಾಣೆಕಲ್ಲಿಗೆ ಬರುತ್ತಿತ್ತು.

ನಾನು ಅತ್ತೆಯ ಕಡೆ ನೋಡಿದೆ. ಅವರು ದನದ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದರು. ಅಣಬೆ ಅಂದರೆ ಮರ ಕೊಡುವ ಪ್ರಸಾದ ಅಂತ ನಲವತ್ತು ವರ್ಷ ನಂಬಿದವರು. ಅದು ಮರದ ಒಳಗಿನ ರೋಗ ಅಂತ ಆ ಬೆಳಿಗ್ಗೆಯೇ ಅವರು ಕೇಳಿದ್ದು, ನನ್ನ ಹಾಗೆಯೇ. ಅವರ ಕಣ್ಣು ರಾಮಣ್ಣನ ಮೇಲಿಂದ ಸುಬ್ಬಮ್ಮನ ಸೊಂಟದ ಕೂಸಿಗೆ ಹೋಯಿತು, ಮತ್ತೆ ರಾಮಣ್ಣನಿಗೆ ಬಂತು. ಬಾಯಿ ಬಿಡಲಿಲ್ಲ.

ನಾನೂ ಬಿಡಲಿಲ್ಲ.

ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ, ಆದರೆ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ಒಂದು ಮಾತು ಸಾಕಿತ್ತು. ‘ಕವಲಲ್ಲಿ ಅಣಬೆ ಬರುತ್ತೆ ರಾಮಣ್ಣ’ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ನಾನು ಈಗ ಬಾಯಿಬಿಟ್ಟರೆ, ಆ ಅಣಬೆಯೆಲ್ಲ ಎಲ್ಲಿ ಹೋಗುತ್ತಿತ್ತು ಅಂತ ಊರು ಕೇಳುತ್ತದೆ, ಮದ್ದಿನ ಗುಟ್ಟನ್ನು ಊರೆದುರು ಒಡೆದವಳು ನಾನಾಗುತ್ತೇನೆ. ಮೊದಲೇ ಮದ್ದಿನ ವೈರಿ ಅನ್ನಿಸಿಕೊಂಡವಳು. ನಾಳೆ ಆ ಕೂಸಿಗೆ ಜ್ವರ ಏರಿದರೂ, ‘ಬೇಕು ಅಂತಲೇ ಮಾಡಿದಳು, ಕೂಸಿನ ಮದ್ದು ಕೆಡಿಸಿದಳು’ ಅನ್ನುತ್ತಾರೆ. ಅಂಗನವಾಡಿಗೆ ಒಂದು ಮಗುವನ್ನೂ ಕಳಿಸುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅತ್ತೆಯನ್ನು ಕದ್ದು ನೋಡಿದ್ದು ಬಯಲಾಗುತ್ತದೆ. ಅವರೇ ಹೇಳಲಿ, ಮರ ಅವರದು, ಮದ್ದು ಅವರದು, ಅವನ ಜೀವಕ್ಕೆ ಕುತ್ತು ಅಂತಾದರೆ ಹೇಳಿಯೇ ಹೇಳುತ್ತಾರೆ ಅಂದುಕೊಂಡೆ. ಅಲ್ಲದೆ ರಾಮಣ್ಣ ಕಸುಬಿನವನು, ಅವನಿಗೇ ಗೊತ್ತಾಗುತ್ತದೆ ಅಂತ ಒಂದು ಸಮಾಧಾನ ಬೇರೆ.

ರಾಮಣ್ಣ ಏಣಿ ಹಾಕಿ ಹತ್ತತೊಡಗಿದ.

ಕವಲು ತಲುಪಿ ಎರಡೂ ಕಡೆ ಕಾಲು ಹಾಕಿ ಕೂತ. ಕೈಯಿಂದ ಸವರಿ ನೋಡಿ, ‘ಇದೇನ್ಲಾ ಇಲ್ಲಿ ಸಗಣಿ?’ ಅಂತ ಕೂಗಿದ.

ಕೆಳಗೆ ನಿಂತವರು ನಕ್ಕರು. ‘ಐಕ್ಳು ಎಸ್ದಿರ್ತವೆ ಬುಡಪ್ಪಾ’ ಅಂತ ಸುಬ್ಬಮ್ಮನೇ ಹೇಳಿದಳು.

ಅವನೂ ನಕ್ಕ. ಆ ಒಣ ಸಗಣಿಯ ಮೇಲೇ ಹಗ್ಗ ಸುತ್ತಿದ. ಎಲ್ಲಕ್ಕಿಂತ ಗಟ್ಟಿ ಜಾಗ ಅಂತ ಅವನ ಕಣ್ಣಿಗೆ ಕಂಡದ್ದು ಅದೇ. ಒಂದು ಸುತ್ತು, ಎರಡು ಸುತ್ತು, ಗಂಟು. ಆ ಹಗ್ಗದ ಇನ್ನೊಂದು ತುದಿ ಅವನ ಸೊಂಟದ ಪಟ್ಟಿಗೆ. ಅತ್ತೆಯನ್ನು ನೋಡಿದೆ, ಅವರು ನನ್ನನ್ನು ನೋಡುತ್ತಿದ್ದರು. ನಾನು ಕಣ್ಣು ತಪ್ಪಿಸಿದೆ. ಮತ್ತೆ ನೋಡಿದಾಗಲೂ ಅವರ ಕಣ್ಣು ನನ್ನ ಮೇಲೇ ಇತ್ತು. ನನ್ನನ್ನು ಹೆದರಿಸುತ್ತಿದ್ದಾರೆ, ಬಾಯಿ ಬಿಟ್ಟರೆ ನೋಡು ಅನ್ನುತ್ತಿದ್ದಾರೆ ಅಂತ ನಾನು ತಿಳಿದೆ.

ರಾಮಣ್ಣ ಕವಲಿನಿಂದ ಅಡ್ಡ ಕೊಂಬೆಯ ಮೇಲೆ ಜರುಗಿ ಜರುಗಿ ಎರಡು ಮಾರು ಆಚೆ ಹೋದ. ಅಲ್ಲಿ ಕಾಲು ಕತ್ತರಿ ಹಾಕಿ ಕೂತ. ಶಶಿಕಿರಣ್ ಕೆಳಗಿನಿಂದ ಇನ್ನೊಂದು ಹಗ್ಗದಲ್ಲಿ ಕುಯ್ಯುವ ಮಿಷನ್ ಕಟ್ಟಿ ಮೇಲಕ್ಕೆ ಕಳಿಸಿದ. ರಾಮಣ್ಣ ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿಕೊಂಡ, ದಾರ ಎಳೆದ. ಮಿಷನ್ ಕಿರುಚತೊಡಗಿತು. ಹಲಸಿನ ಹಳದಿ ಹುಡಿ ಗಾಳಿಯಲ್ಲಿ ಹಾರಿ ನಮ್ಮ ತಲೆ ಮೇಲೆ ಬಿತ್ತು. ಹುಡಿ ಒಣಗಿತ್ತು, ಒಳ್ಳೆಯ ಬಣ್ಣ ಇತ್ತು. ಆ ಜಾಗದಲ್ಲಿ ಮರ ಆರೋಗ್ಯವಾಗಿಯೇ ಇತ್ತು. ಕಾಯಿಲೆ ಇದ್ದದ್ದು ಅವನ ಬೆನ್ನ ಹಿಂದೆ.

ಅಷ್ಟರಲ್ಲಿ ಅತ್ತೆ ಕಂಬ ಬಿಟ್ಟು ಮುಂದೆ ಬಂದರು.

‘ನಿಲ್ಸಪ್ಪಾ! ಅಲ್ಲೇ ಕಣಪ್ಪಾ ಅಣಬೆ ಬರೋದು! ನೀ ಕಟ್ಟಿರೋ ತಾವ್ಲೇ! ಕವಲ್ನಾಗೇ!’

ಬೇಲಿಯ ಪಕ್ಕದ ಎಲ್ಲರಿಗೂ ಕೇಳಿಸಿತು. ಕೇಳಬೇಕಾದವನಿಗೆ ಕೇಳಲಿಲ್ಲ. ಮಿಷನ್ ಕಿರುಚುತ್ತಲೇ ಇತ್ತು. ಶಶಿಕಿರಣ್ ಹಗ್ಗ ಅಲ್ಲಾಡಿಸಿದ, ಅದು ಮಿಷನ್ ಕಳಿಸಿದ ಹಗ್ಗ, ಕೊಂಬೆಯ ಮೇಲೆ ಸಡಿಲವಾಗಿ ಬಿದ್ದಿತ್ತು, ರಾಮಣ್ಣನಿಗೆ ತಾಗಲಿಲ್ಲ. ಜನ ಕೈ ಬೀಸಿದರು. ಅವನ ಕಣ್ಣು ಕುಯ್ಯುವ ಜಾಗದ ಮೇಲಿತ್ತು. ಕೊಂಬೆ ಅರ್ಧ ಕುಯ್ದಾಗಿತ್ತು. ತುದಿ ಮೆಲ್ಲಗೆ ಬಾಗಲು ಶುರುವಾಯಿತು, ಬಾಗಿದಷ್ಟೂ ಭಾರವೆಲ್ಲ ಕವಲಿನ ಮೇಲೆ.

ನಮ್ಮತ್ತೆಗೆ ಎಪ್ಪತ್ತೆರಡು ವರ್ಷ. ಮಂಡಿ ನೋವು ಅಂತ ಬಚ್ಚಲಿಗೂ ಗೋಡೆ ಹಿಡಿದು ಹೋಗುವವರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ದೋಟಿ ಕಿತ್ತುಕೊಂಡು ಮರದಡಿಗೆ ಬಂದರು. ಯಾರೋ ‘ಅಜ್ಜೀ, ಕೆಳಗೆ ನಿಲ್ಬೇಡ’ ಅಂತ ಅರಚಿದರು. ಅವರು ದೋಟಿಯನ್ನು ಎರಡು ಕೈಯಲ್ಲಿ ಎತ್ತಿ, ನಲವತ್ತು ವರ್ಷದಿಂದ ಕತ್ತಲಲ್ಲೂ ಗುರಿ ತಪ್ಪದ ಆ ಜಾಗಕ್ಕೆ ಕುಡುಗೋಲಿನ ಮೊನೆಯನ್ನು ಜೋರಾಗಿ ಚುಚ್ಚಿದರು. ಒಣ ಸಗಣಿ ಚೂರಾಗಿ ಉದುರಿತು. ಕುಡುಗೋಲು ಕವಲಿನೊಳಕ್ಕೆ ಹಿಡಿಯವರೆಗೂ ಇಳಿದುಹೋಯಿತು. ಗಟ್ಟಿ ಮರ ಅದನ್ನು ಎಲ್ಲೂ ತಡೆಯಲಿಲ್ಲ.

ಆಗ ನಾನೂ ಹೋಗಿ ದೋಟಿ ಹಿಡಿದೆ. ಇಬ್ಬರೂ ಸೇರಿ ಅದನ್ನು ಅಲ್ಲಾಡಿಸಿದೆವು. ಕವಲಿಗೆ ಬಿಗಿದಿದ್ದ ಹಗ್ಗ ಅದರ ಜೊತೆ ಅಲ್ಲಾಡಿತು, ರಾಮಣ್ಣನ ಸೊಂಟ ಜಗ್ಗಿತು. ಅವನು ತಿರುಗಿ ನೋಡಿದ. ತನ್ನ ಜೀವ ಕಟ್ಟಿದ ಜಾಗದಲ್ಲಿ ಒಂದು ಕುಡುಗೋಲು ಪೂರ್ತಿ ಮುಳುಗಿರುವುದನ್ನು ನೋಡಿದ.

ಮಿಷನ್ ನಿಂತಿತು. ಆ ಮೌನದಲ್ಲಿ ಕೊಂಬೆ ಒಂದು ಸಲ ಕರಕ್ ಅಂದದ್ದು ಎಲ್ಲರಿಗೂ ಕೇಳಿಸಿತು.

‘ಯಾರೂ ಉಸ್ರು ಬುಡ್ಬೇಡ್ರಿ’ ಅಂದ ರಾಮಣ್ಣ, ಮೆಲ್ಲಗೆ. ‘ಅಜ್ಜೀ, ಮೇಡಂ, ದೋಟಿ ಬುಟ್ಟು ಆಚೆಗೆ ಓಗಿ. ಓಗಿ ಅಂದೆ.’

ಅವನು ಮಿಷನ್ನನ್ನು ಕೈಬಿಟ್ಟ, ಅದು ಧೊಪ್ಪೆಂದು ನೆಲಕ್ಕೆ ಬಿತ್ತು. ಸೊಂಟದ ಪಟ್ಟಿಯಿಂದ ಹಗ್ಗ ಬಿಚ್ಚಿದ. ಮುರಿದರೆ ಹಗ್ಗ ಅವನನ್ನು ಉಳಿಸುವುದಿಲ್ಲ, ಕೊಂಬೆಯ ಜೊತೆ ಎಳೆದುಕೊಂಡು ಹೋಗುತ್ತದೆ. ಕಟ್ಟಿಲ್ಲದೆ, ಹೊಟ್ಟೆಯ ಮೇಲೆ ಮಲಗಿ, ಹಿಂದಕ್ಕೆ ಜರುಗಿದ. ಒಂದು ಗೇಣು. ಕೊಂಬೆ ಮತ್ತೆ ಕರಕ್ ಅಂದಿತು. ಅವನು ಅಲ್ಲಾಡದೆ ಮಲಗಿದ. ಮತ್ತೆ ಒಂದು ಗೇಣು. ಶಶಿಕಿರಣ್ ಕೆಳಗೆ ದೇವರ ಹೆಸರೆಲ್ಲ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಹೇಳುತ್ತಿದ್ದ. ನಾನು ಯಾವ ದೇವರನ್ನೂ ಕರೆಯಲಿಲ್ಲ, ಯಾವ ಮುಖ ಇಟ್ಟುಕೊಂಡು ಕರೆಯಲಿ.

ಎರಡು ಮಾರು ದೂರ. ಅಷ್ಟು ಬರುವುದಕ್ಕೆ ಎಷ್ಟು ಹೊತ್ತಾಯಿತೋ ನನಗೆ ತಿಳಿಯದು. ಅವನ ಕೈ ರಸ್ತೆ ಕಡೆಯ ಕವಲನ್ನು ತಬ್ಬಿತು, ಕಾಲು ಇನ್ನೂ ಈ ಕಡೆಯೇ ಇತ್ತು. ಅದೇ ಹೊತ್ತಿಗೆ ಅಡ್ಡ ಕೊಂಬೆ ಬುಡದಿಂದ ಸೀಳಿಕೊಂಡಿತು. ಅರ್ಧ ಕವಲನ್ನೇ ಕಿತ್ತುಕೊಂಡು, ಹಲಸಿನಕಾಯಿಗಳ ಸಮೇತ, ಅಂಗನವಾಡಿಯ ಹೆಂಚಿನ ಮೂಲೆಯನ್ನು ಒಡೆದು ನೆಲಕ್ಕೆ ಅಪ್ಪಳಿಸಿತು. ಧೂಳು ಇಳಿದಾಗ ರಾಮಣ್ಣ ಆ ಕಡೆಯ ಕವಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನೇತಾಡುತ್ತಿದ್ದ. ಆಮೇಲೆ ಶಶಿಕಿರಣ್ ಏಣಿ ತಂದು ಇಳಿಸಿದ.

ಸೀಳಿದ ಜಾಗವನ್ನು ಎಲ್ಲರೂ ಹೋಗಿ ನೋಡಿದರು. ಹೊರಗೆ ನಾಲ್ಕು ಬೆರಳು ದಪ್ಪಕ್ಕೆ ಒಳ್ಳೆಯ ಹಳದಿ ಮರ. ಒಳಗೆಲ್ಲ ನೆನೆಸಿಟ್ಟ ಅವಲಕ್ಕಿಯ ಹಾಗೆ ಬಿಳಿಚಿಕೊಂಡು ಮೆತ್ತಗೆ, ಬೆರಳು ಹಾಕಿದರೆ ಕಿತ್ತು ಬರುತ್ತಿತ್ತು. ಇದರ ಮೇಲೆ ಆ ಮರ ವರ್ಷಕ್ಕೆ ನೂರು ಕಾಯಿ ಬಿಡುತ್ತಿತ್ತು.

ರಾಮಣ್ಣ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಿದ್ದ. ಯಾರೋ ಕೊಟ್ಟ ನೀರಿನ ಚೊಂಬನ್ನು ಪೂರ್ತಿ ತಲೆ ಮೇಲೆ ಸುರಿದುಕೊಂಡ. ಅತ್ತೆ ಅವನೆದುರು ನೆಲದ ಮೇಲೆ ಕೂತರು.

‘ಅಜ್ಜೀ, ನಾ ಕೇಳ್ದಾಗ ಯಾಕೆ ಸುಮ್ಕಿದ್ದೆ?’

ಅತ್ತೆ ಎಲ್ಲವನ್ನೂ ಹೇಳಿದರು. ಮದ್ದು, ಅಣಬೆ, ದೋಟಿ, ಸಗಣಿ, ತಮ್ಮ ಅತ್ತೆ ಸಾಯುವಾಗ ಕಿವಿಯಲ್ಲಿ ಹಾಕಿದ ಕಟ್ಟು. ಒಂದು ಮಾತನ್ನೂ ಮುಚ್ಚಿಡಲಿಲ್ಲ. ಸುಬ್ಬಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ಗೋಳೋ ಅಂತ ಅತ್ತಳು.

‘ಇನ್ನೆಲ್ಡು ದಿನ ತಡೀಬಾರ್ದಿತ್ತಾ ಮಲ್ಲಿಗಕ್ಕಾ? ನನ್ ಕೂಸಿನ್ ಗತಿ ಏನು? ಯಾವನೋ ಊರಿಂದಾಚೆಯವನಿಗೋಸ್ಕರ ಎಲ್ಲಾನೂ ಆಡ್ಬುಟ್ಟಲ್ಲಾ!’

‘ಕೂಸಿಗೆ ಡಾಕ್ಟ್ರು ಅವ್ರೆ ಕಣೇ ಸುಬ್ಬಿ, ಆಸ್ಪತ್ರೆ ಐತೆ. ಇವ್ನು ಬಿದ್ದಿದ್ರೆ ನಾನು ಯಾವ ಮದ್ದು ತೇಯ್ಲಿ?’ ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, ‘ಈಗ್ಲೇ ಕರ್ಕೊಂಡೋಗು ಸೌಜನ್ಯ, ಬಸ್ಸಿಗೆ ಕಾಯ್ಬೇಡ’ ಅಂದರು.

ನಾವು ಹೊರಡುವ ಮೊದಲು ರಾಮಣ್ಣ ಇನ್ನೊಂದು ಮಾತು ಕೇಳಿದ. ‘ಇದು ಇನ್ಯಾರ್ಗೂ ಗೊತ್ತಿರ್ನಿಲ್ವಾ?’

ಈಗಲಾದರೂ ಹೇಳಬೇಕಿತ್ತು. ಅತ್ತೆ ನನ್ನ ಕಡೆ ನೋಡಲೂ ಇಲ್ಲ.

‘ಇಲ್ಲ ಕಣಪ್ಪಾ. ನಂಗೊಬ್ಳಿಗೇ ಗೊತ್ತಿದ್ದಿದ್ದು. ತಪ್ಪು ನಂದೇ.’ ಅಷ್ಟು ಹೇಳಿ, ತನಗಿಂತ ಚಿಕ್ಕವನಾದ ಅವನಿಗೆ ಕೈಮುಗಿದರು. ರಾಮಣ್ಣ ಗಾಬರಿಯಾಗಿ ಆ ಕೈ ಹಿಡಿದುಕೊಂಡ.

ಕೂಸನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸುಬ್ಬಮ್ಮ ಕೂಸನ್ನು ನನ್ನ ಕೈಗೆ ಕೊಡದೆ ದಾರಿಯುದ್ದಕ್ಕೂ ತಾನೇ ಹಿಡಿದು ಕೂತಳು. ಡಾಕ್ಟರು ಬಾಯಿಗೆ ಹಾಕುವ ಹನಿ ಬರೆದುಕೊಟ್ಟರು, ನಾಲ್ಕೇ ದಿನಕ್ಕೆ ಕೂಸು ಹಾಲು ಹೀರತೊಡಗಿತು. ಅದು ಆಮೇಲಿನ ಮಾತು. ಆ ದಿನ ಮಧ್ಯಾಹ್ನ ನಾನು ವಾಪಸು ಬಂದಾಗ ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಒಲೆ ಹೊತ್ತಿಸಿರಲಿಲ್ಲ. ಅವರ ಅಂಗೈ ಬಿದಿರಿಗೆ ಸುಲಿದು ಕೆಂಪಾಗಿತ್ತು. ನಾನು ಕೊಬ್ಬರಿ ಎಣ್ಣೆ ತಂದು ಹಚ್ಚುತ್ತಾ ಕೂತೆ, ಅಳು ಬಂತು.

‘ಅತ್ತೆ, ನಂಗೂ ಗೊತ್ತಿತ್ತು. ಮಗಳಿಗೆ ಹುಣ್ಣಾದಾಗ ನಾನು ಮೆದೆ ಹಿಂದೆ ನಿಂತು ನೋಡಿದ್ದೆ.’

‘ಗೊತ್ತು’ ಅಂದರು.

ನನ್ನ ಕೈ ನಿಂತಿತು.

‘ನಿನ್ ಸೀರೆ ಸೆರಗು ಕಾಣ್ತಿತ್ತು ಆವತ್ತು. ಎರಡ್ ದಿನ ನಿದ್ದೆ ಮಾಡ್ನಿಲ್ಲ ನಾನು, ಮೊಮ್ಮಗಳಿಗೆ ಏನಾಯ್ತದೋ ಅಂತ. ಏನೂ ಆಗ್ನಿಲ್ಲ. ವಾಸಿ ಆಯ್ತು. ಆಮೇಲೂ ಎಷ್ಟೋ ಕೂಸಿಗೆ ಆಯ್ತು. ನೋಡಿದ್ರೆ ಗುಣ ಓಗಲ್ಲ, ಆಡಿದ್ರೆ ಮಾತ್ರ ಓಯ್ತದೆ ಅಂದ್ಕೊಂಡೆ.’

‘ಅಂಗಾದ್ರೆ ನಾನು ನೋಡಿದ್ದು ರಾಮಣ್ಣಂಗೆ ಯಾಕೆ ಹೇಳ್ಲಿಲ್ಲ?’

‘ನಿಂಗೆ ಈ ಊರ್ನಾಗೆ ಕೆಲ್ಸ ಮಾಡ್ಬೇಕು ಕಣವ್ವಾ. ನಂಗೇನು, ಮುಗೀತು.’ ಎಣ್ಣೆ ಹಚ್ಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. ‘ನಾನು ಆ ಕಟ್ನಾಗೆ ಸಿಕ್ಕಾಕ್ಕೊಂಡೋಳು. ನಿಂಗೆ ಯಾವ ಕಟ್ಟೂ ಇರ್ನಿಲ್ವಲ್ಲ. ಅವ್ನು ಕೇಳ್ದಾಗ್ಲಿಂದ ನಿನ್ ಮುಖಾನೇ ನೋಡ್ತಿದ್ದೆ. ನೀನು ಹೇಳ್ತೀಯ, ಈಗ ಹೇಳ್ತೀಯ ಅಂತ ಕಾಯ್ತಾ ಇದ್ದೆ.’

ಹೆದರಿಸುತ್ತಿದ್ದಾರೆ ಅಂತ ನಾನು ತಿಳಿದ ಆ ನೋಟ ಬೇಡುವ ನೋಟವಾಗಿತ್ತು. ನಾನು ಅವರ ಬಾಯಿ ನೋಡುತ್ತಾ, ಅವರು ನನ್ನ ಬಾಯಿ ನೋಡುತ್ತಾ ನಿಂತಿದ್ದೆವು, ಅವನು ಮೇಲೆ ಹತ್ತುತ್ತಲೇ ಇದ್ದ.